ಟಪಾಲಿನ ಓಟದಿಂದ ಬೆಳಗಿನ ಓಟದವರೆಗೆ



ಆದೋನಿ, ಎಮ್ಮಿಗನೂರು, ನಂದವರಂ, ಮಂತ್ರಾಲಯದ ಸೀಮೆಯಲ್ಲಿ ಬೆಳಗಿನ ಜಾವ ರಸ್ತೆಗೆ ಬಂದರೆ ಈಗ ಓಡುವವರು ಕಣ್ಣಿಗೆ ಬೀಳುತ್ತಾರೆ. ಪೊಲೀಸ್ ನೌಕರಿಯ 1600 ಮೀಟರ್ ಓಟ ಗೆಲ್ಲಬೇಕೆನ್ನುವ ಹುಡುಗರಿದ್ದಾರೆ. ಸೈನ್ಯಕ್ಕೆ ಸೇರಬೇಕೆನ್ನುವವರಿದ್ದಾರೆ. ಸಕ್ಕರೆ ಕಾಯಿಲೆಯವರು, ಬಿ.ಪಿ.ಯವರು ಡಾಕ್ಟರ ಮಾತಿಗೆ ನಡಿಗೆ ಶುರು ಮಾಡಿ, ಹುರುಪು ಬಂದ ಮೇಲೆ ನಾಲ್ಕು ಹೆಜ್ಜೆ ಓಡಿ ನೋಡುವುದೂ ಉಂಟು. ಆದರೆ ಮೊದಲ ವಾರ ಕಂಡ ಗುಂಪು ತಿಂಗಳ ಕೊನೆಗೆ ಕರಗಿ ಹೋಗಿರುತ್ತದೆ. ಏಕೆಂದು ಕೇಳಿದರೆ ಬರುವ ಉತ್ತರಗಳು ಎರಡೇ. ಒಂದು, "ಬೇಸರ ಬಂತು." ಇನ್ನೊಂದು, "ಕಾಲು ನೋವು ಬಂತು."

ಈ ಎರಡು ಉತ್ತರಗಳಿಗೂ ಬಹಳ ಸಲ ಮೂಲ ಒಂದೇ. ಅದು ಅಳತೆ ತಪ್ಪಿದ ಓಟ. ಇದು ಇಂದಿನ ಡಾಕ್ಟರುಗಳು ಮಾತ್ರ ಹೇಳುವ ಮಾತಲ್ಲ. ನಮ್ಮ ನಾಡಿನ ಓಟದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಆ ಚರಿತ್ರೆಯನ್ನು ಇಂದು ಸ್ವಲ್ಪ ತಿರುವಿ ನೋಡೋಣ.

ನಮ್ಮಲ್ಲಿ 'ಮಜಲು' ಎಂಬ ಮಾತಿದೆ. ತೆಲುಗಿನಲ್ಲಿ ಅದೇ 'ಮಜಿಲಿ'. ಅರಬ್ಬಿ, ಪಾರಸಿಯ 'ಮಂಜಿಲ್' ಎಂಬ ಪದದಿಂದ ಬಂದದ್ದು. ದಾರಿಯಲ್ಲಿ ಇಳಿದು ದಣಿವಾರಿಸಿಕೊಳ್ಳುವ ತಾಣ, ಅಥವಾ ಒಂದು ತಾಣದಿಂದ ಮುಂದಿನ ತಾಣದವರೆಗಿನ ದೂರ, ಎಂದು ಅದರ ಅರ್ಥ. ಹಿಂದಿನ ಕಾಲದ ಓಟವೆಲ್ಲ ಮಜಲಿನ ಓಟ. ದಾರಿ ಎಷ್ಟೇ ಉದ್ದವಿರಲಿ, ಒಬ್ಬ ಮನುಷ್ಯ ಓಡಬೇಕಾದದ್ದು ತನ್ನ ಮಜಲನ್ನು ಮಾತ್ರ.

14ನೆಯ ಶತಮಾನದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ ನಮ್ಮ ದೇಶಕ್ಕೆ ಬಂದಾಗ ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಆಳ್ವಿಕೆ. ಆಗಿನ ಟಪಾಲು ವ್ಯವಸ್ಥೆಯನ್ನು ಕಂಡು ಅವನು ಬೆರಗಾಗಿ ಬರೆದಿಟ್ಟಿದ್ದಾನೆ. ಒಂದು ಮೈಲಿಯ ದಾರಿಗೆ ಮೂರು ಠಾಣೆಗಳು. ಪ್ರತಿ ಠಾಣೆಯಲ್ಲೂ ನಡುಕಟ್ಟಿ ಸಿದ್ಧರಾಗಿ ಕುಳಿತ ಓಟಗಾರರು. ಅವರ ಬಳಿ ತುದಿಗೆ ತಾಮ್ರದ ಗಂಟೆಗಳನ್ನು ಕಟ್ಟಿದ ಕೋಲು. ಓಟಗಾರ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಶಕ್ತಿಮೀರಿ ಓಡುತ್ತಾನೆ. ಗಂಟೆಯ ಸದ್ದು ಕಿವಿಗೆ ಬಿದ್ದೊಡನೆ ಮುಂದಿನ ಠಾಣೆಯವನು ಎದ್ದು ನಿಲ್ಲುತ್ತಾನೆ, ಕಾಗದ ಇಸಿದುಕೊಂಡು ಹೊರಡುತ್ತಾನೆ. ಕುದುರೆ ಟಪಾಲಿಗಿಂತಲೂ ಈ ಕಾಲ್ನಡೆಯ ಟಪಾಲೇ ಬೇಗ ಎಂದು ಇಬ್ನ್ ಬತೂತ ಹೇಳುತ್ತಾನೆ. ಸುಲ್ತಾನನಿಗೆ ಕುಡಿಯಲು ಗಂಗಾಜಲವೂ ಹೀಗೆಯೇ ದಖ್ಖನದ ದೌಲತಾಬಾದಿನವರೆಗೆ ಬರುತ್ತಿತ್ತಂತೆ.

ಇದರೊಳಗಿನ ಗುಟ್ಟನ್ನು ಗಮನಿಸಿ. ಒಬ್ಬನಿಗೆ ಒಂದು ಮೈಲಿಯ ಮೂರನೆಯ ಒಂದು ಪಾಲು. ಓಟ ಚಿಕ್ಕದು, ಆಮೇಲೆ ವಿಶ್ರಾಂತಿ, ಮತ್ತು ತನಗಾಗಿ ಕಾಯುತ್ತಿರುವ ಇನ್ನೊಬ್ಬ ಮನುಷ್ಯ. ಅಳತೆ, ಬಿಡುವು, ಜೊತೆ ಎಂಬ ಈ ಮೂರು ಮಾತನ್ನು ನೆನಪಿನಲ್ಲಿಡಿ. ಮುಂದೆ ಇವು ನಮಗೆ ಬೇಕಾಗುತ್ತವೆ.

ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯನ್ನು ಏರ್ಪಡಿಸಿದರು. ಆ ಮೈಸೂರು ಅಂಚೆ ಇನ್ನೂರು ವರ್ಷಕ್ಕೂ ಮಿಕ್ಕಿ ನಡೆದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರಿಹೋಯಿತು. ನಮ್ಮ ಆದೋನಿಯ ಕಥೆ ಬೇರೆ. ವಿಜಯನಗರದ ಕೋಟೆಯಾಗಿ, ಬಿಜಾಪುರದ ಕೈಗೆ ಬಂದು, ಆಮೇಲೆ ನಿಜಾಮರ ವಶವಾಗಿದ್ದ ಈ ಸೀಮೆಯನ್ನು 1800ರಲ್ಲಿ ನಿಜಾಮರು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟರು. ದತ್ತಮಂಡಲವೆಂದು ಹೆಸರಾದ ಈ ನಾಡಿಗೆ ಥಾಮಸ್ ಮನ್ರೋ ಸಾಹೇಬರು ಮುಖ್ಯ ಕಲೆಕ್ಟರಾಗಿ ಬಂದರು. ರೈಲು ಇಲ್ಲದ ಆ ಕಾಲದಲ್ಲಿ ಸರಕಾರದ ಕಾಗದಗಳು ದೇಶದುದ್ದಕ್ಕೂ ಸಾಗುತ್ತಿದ್ದದ್ದು ಓಟಗಾರರ ಕಾಲ ಮೇಲೆ. ಈಟಿಗೋ ಕೋಲಿಗೋ ಗಂಟೆ ಕಟ್ಟಿಕೊಂಡು, ಹೆಗಲ ಮೇಲೆ ಚೀಲ ಹೊತ್ತು, ಹರಿಕಾರ ಕೆಲವು ಮೈಲಿ ಓಡಿ ಮುಂದಿನವನಿಗೆ ಒಪ್ಪಿಸುತ್ತಿದ್ದ. ಕಾಡಿನ ದಾರಿಯಲ್ಲಿ ರಾತ್ರಿ ಹೊತ್ತು ದೀವಟಿಗೆಯವರು, ತಮಟೆಯವರು ಜೊತೆಗಿರುತ್ತಿದ್ದರು. 1871ರಲ್ಲಿ ಮದರಾಸಿನ ಕಡೆಯ ರೈಲುದಾರಿಯೂ ಮುಂಬಯಿಯ ಕಡೆಯ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದವು. ದೂರದ ಟಪಾಲು ರೈಲು ಹತ್ತಿತು. ಸ್ಟೇಷನ್ನಿನಿಂದಾಚೆಗೆ ಊರೂರಿಗೆ ಕಾಗದ ಮುಟ್ಟಿಸಲು ಮಾತ್ರ ಮನುಷ್ಯನ ಕಾಲುಗಳೇ ಬೇಕಾದವು.

ಅದೆಲ್ಲ ಹೊಟ್ಟೆಪಾಡಿನ ಓಟ. ಹಾಗಾದರೆ ಆರೋಗ್ಯಕ್ಕಾಗಿ ಬೆವರು ಸುರಿಸುವ ರೂಢಿ ನಮ್ಮಲ್ಲಿ ಇರಲಿಲ್ಲವೇ? ಇತ್ತು. ಆದರೆ ಅದರ ರೂಪ ಗರಡಿಯದು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿರುವಂತೆ, ರಾಯನು ಬೆಳಗಾಗುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿ, ಭಾರ ಎತ್ತಿ, ಕತ್ತಿ ತಿರುಗಿಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕಸರತ್ತು ಮಾಡುತ್ತಿದ್ದ. ಆಮೇಲೆ ಕುಸ್ತಿ, ಕುದುರೆ ಸವಾರಿ. ಕಸರತ್ತಿಗೆ ದಿನವೂ ಒಂದೇ ಹೊತ್ತು, ಒಂದೇ ಕ್ರಮ. ಅರಸನಾದರೂ ಅಭ್ಯಾಸಕ್ಕೆ ಆಳಾಗಿದ್ದ ಎನ್ನಬೇಕು.

ಓಟವು ಆಟವಾಗಿ, ಸ್ಪರ್ಧೆಯಾಗಿ ನಮ್ಮ ಹಳ್ಳಿಗರ ಬದುಕಿಗೆ ಬಂದ ಒಂದು ದೊಡ್ಡ ಗಳಿಗೆ 1919, 1920ರದು. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡೆಗಳಲ್ಲಿ ಬಂದ ಓಟಗಾರರು ಹೆಚ್ಚಾಗಿ ರೈತಾಪಿ ಜನ. ಬೂಟಿಲ್ಲ, ತರಬೇತಿಯಿಲ್ಲ, ಪಂದ್ಯದ ನಿಯಮವೂ ಸರಿಯಾಗಿ ತಿಳಿಯದು. ಆದರೂ ಬರಿಗಾಲಲ್ಲಿ ಅವರು ಓಡಿದ ವೇಗ ಯುರೋಪಿನವರಿಗೆ ಬಹಳ ಕಡಿಮೆಯಿರಲಿಲ್ಲ. ಇದನ್ನು ಕಂಡ ಉದ್ಯಮಿ ದೊರಾಬ್ಜಿ ಟಾಟಾ ಅವರಿಗೆ ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆನಿಸಿತು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿಗೆ ಹೋದ ಆ ಸಣ್ಣ ತಂಡದಲ್ಲಿದ್ದ ಒಬ್ಬರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ. ಹೆಸರಿಗೆ 'ಅಪ್ಪ' ಸೇರಿದೆ, ಅಡ್ಡಹೆಸರು ಚೌಗುಲೆ. ಎರಡು ಭಾಷೆ ಕೂಡುವ ಸೀಮೆಯ ಹೆಸರೆಂದು ಗಡಿಯವರಾದ ನಮಗೆ ಬೇರೆ ಹೇಳಬೇಕಾಗಿಲ್ಲ.

ಮ್ಯಾರಥಾನ್ ಎಂಬ ದೂರದ ಓಟದ ಹೆಸರನ್ನು ತಾವು ಕೇಳಿರುತ್ತೀರಿ. ಗ್ರೀಸ್ ದೇಶದ ಯುದ್ಧವೊಂದರ ನೆನಪಿಗೆ 1896ರಲ್ಲಿ ಅಥೆನ್ಸಿನಲ್ಲಿ ಶುರುವಾದ ಈ ಓಟದ ಮೊದಲ ಒಲಿಂಪಿಕ್ ವಿಜೇತ ಸ್ಪಿರಿಡಾನ್ ಲೂಯಿಸ್, ನೀರು ಹೊತ್ತು ಮಾರುತ್ತಿದ್ದ ಹಳ್ಳಿಯವ. ಈಗ ಅದರ ದೂರ 42 ಕಿಲೋಮೀಟರ್ 195 ಮೀಟರ್. ಆಂಟ್‌ವರ್ಪಿನಲ್ಲಿ ಅದು ಇನ್ನೂ ಅರ್ಧ ಕಿಲೋಮೀಟರಿನಷ್ಟು ಉದ್ದವಾಗಿತ್ತು, 42.75 ಕಿಲೋಮೀಟರ್. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ಗೆದ್ದ ಫಿನ್ಲೆಂಡಿನ ಕೊಲೆಹ್ಮೈನೆನ್‌ಗೂ ಅವರಿಗೂ ನಡುವೆ ಇದ್ದ ಅಂತರ ಸುಮಾರು 18 ನಿಮಿಷ. ಅದೇ ಓಟದಲ್ಲಿದ್ದ ನಮ್ಮ ಇನ್ನೊಬ್ಬ ಓಟಗಾರ ಸದಾಶಿವ ದಾತಾರ್ ಅವರಿಗೆ ಓಟ ಮುಗಿಸಲಾಗಲಿಲ್ಲ. ಒಬ್ಬರು ಮುಟ್ಟಿದರು, ಒಬ್ಬರು ನಡುವೆ ನಿಂತರು. ಅಷ್ಟು ದೂರದ ಓಟ ಎಂಥ ಗಟ್ಟಿ ಕಾಲುಗಳನ್ನೂ ಪರೀಕ್ಷಿಸುತ್ತದೆ.

ಮುಂದೆ ಬರಿಗಾಲ ಓಟಕ್ಕೆ ಹೆಸರಾದವರು ಬಿಹಾರದ ಶಿವನಾಥ್ ಸಿಂಗ್. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ 11ನೆಯವರಾದರು. 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಓಡಿದರು. ಅದಾದ ಮೇಲೆ ನಾಲ್ಕು ದಶಕ ಕಳೆದರೂ ಭಾರತದ ಯಾರೂ ಅದನ್ನು ಮೀರಿಸಲಿಲ್ಲ.

ಇವೆಲ್ಲ ದೊಡ್ಡ ಓಟಗಾರರ ಮಾತು. ಸಾಮಾನ್ಯ ಜನ ಏನೂ ಗೆಲ್ಲಬೇಕೆಂಬ ಆಸೆಯಿಲ್ಲದೆ, ಮೈ ಹಗುರಾಗಲೆಂದು ಓಡುವ ರೂಢಿ ಹಬ್ಬಿದ್ದು 1960ರ ಈಚೆಗೆ. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಎಂಬವರು ವಯಸ್ಸಾದವರನ್ನೂ ಹೃದಯದ ತೊಂದರೆಯವರನ್ನೂ ಗುಂಪು ಕಟ್ಟಿ ನಿಧಾನವಾಗಿ ಓಡಿಸಿದರು. ಅದನ್ನು ಕಣ್ಣಾರೆ ಕಂಡ ಅಮೆರಿಕದ ಬಿಲ್ ಬವರ್ಮನ್ ತಮ್ಮ ಊರಿಗೆ ಹೋಗಿ ಅದನ್ನೇ ಹಬ್ಬಿಸಿದರು. ಅವರ ಪುಸ್ತಕ 1967ರಲ್ಲಿ ಬಂತು. ಜಾಗಿಂಗ್ ಎಂಬ ಮಾತು ಮನೆಮಾತಾಯಿತು.

ಇದಕ್ಕೆ ವಿಜ್ಞಾನದ ಆಧಾರವೂ ಸಿಕ್ಕಿತ್ತು. 1953ರಲ್ಲಿ ಲಂಡನ್ನಿನ ಡಾಕ್ಟರ್ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಎರಡಂತಸ್ತಿನ ಬಸ್ಸಿನಲ್ಲಿ ದಿನವಿಡೀ ಕುಳಿತ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಕಚೇರಿಯಲ್ಲಿ ಕುಳಿತ ಗುಮಾಸ್ತರಿಗಿಂತ ನಡೆದೋ ಸೈಕಲ್ ತುಳಿದೋ ಕಾಗದ ಹಂಚುವ ಅಂಚೆಯವರಿಗೂ ಕಡಿಮೆ. ನೋಡಿ, ಟಪಾಲಿನವನ ಕಾಲು ಇಲ್ಲಿಯೂ ಸಾಕ್ಷಿ ಹೇಳಿತು. ಆ ಮಾರಿಸ್ ಅವರೂ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು. ನಮ್ಮ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ವರ್ಷವೂ ಅದೇ 1953. ಆಗ ನಮ್ಮ ಹಿರಿಯರಿಗೆ ಓಡಿ ಮೈ ಇಳಿಸುವ ಅಗತ್ಯವಿರಲಿಲ್ಲ. ಎರೆ ಹೊಲದ ಕೆಲಸವೇ ಸಾಕಾಗಿತ್ತು. ಇಂದು ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು ಬಂದಿವೆ. ಸಕ್ಕರೆ ಕಾಯಿಲೆ ಹಳ್ಳಿಗೂ ಬಂದಿದೆ.

ಹೆಣ್ಣುಮಕ್ಕಳ ಮಾತನ್ನೂ ಇಲ್ಲಿ ಹೇಳಲೇಬೇಕು. 1928ರ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 800 ಮೀಟರ್ ಓಟ ಇಟ್ಟು, ಅವರ ಮೈಗೆ ಅದು ತಾಳದೆಂದು ತೆಗೆದುಹಾಕಿ, ಮತ್ತೆ ಸೇರಿಸಲು 1960ರವರೆಗೆ ಕಾಯಬೇಕಾಯಿತು. 1967ರಲ್ಲಿ ಅಮೆರಿಕದ ಬಾಸ್ಟನ್ನಿನ ಓಟದಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬಾಕೆಯನ್ನು ಒಬ್ಬ ಅಧಿಕಾರಿ ದಾರಿಯಲ್ಲೇ ಹಿಡಿದು ಎಳೆಯಲು ನೋಡಿದ. ಆಕೆ ಓಡಿ ಮುಗಿಸಿದಳು. 1984ರಲ್ಲಿ ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸಿಗೆ ಬಂತು. ಅದೇ ಕೂಟದಲ್ಲಿ ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರರ ಒಂದು ಪಾಲಿನಲ್ಲಿ ಕಂಚಿನ ಪದಕ ತಪ್ಪಿಸಿಕೊಂಡರು. "ಹೆಣ್ಣುಮಗಳು ರಸ್ತೆಯಲ್ಲಿ ಓಡಿದರೆ ಜನ ಏನಂದಾರು" ಎನ್ನುವ ಮನೆಯವರಿಗೆ ಈ ಚರಿತ್ರೆ ತಿಳಿದಿರಲಿ. ಅಕ್ಕತಂಗಿಯರು ನಾಲ್ಕೈದು ಮಂದಿ ಜೊತೆಯಾಗಿ ಶಾಲೆಯ ಬಯಲಿಗೆ ಹೊರಟರೆ ಅನ್ನುವ ಬಾಯಿ ತಾನೇ ಮುಚ್ಚುತ್ತದೆ.

ಈಗ ಉತ್ಸಾಹದ ಪ್ರಶ್ನೆಗೆ ಬರೋಣ. ಹಿಂದೆ ಹೇಳಿದ ಮೂರು ಮಾತುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.

ಮೊದಲನೆಯದು ಅಳತೆ. ಹೊಸದಾಗಿ ಶುರು ಮಾಡುವವರು ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ಹೀಗೆ ಇಪ್ಪತ್ತು ನಿಮಿಷ ಸಾಕು. ಓಡುವಾಗ ಪಕ್ಕದವರೊಡನೆ ಮಾತಾಡಲು ಉಸಿರಿರಬೇಕು. ಇಲ್ಲದಿದ್ದರೆ ವೇಗ ಹೆಚ್ಚಾಯಿತೆಂದು ತಿಳಿಯಿರಿ. ಎರಡು ವಾರಕ್ಕೊಮ್ಮೆ ಓಟವನ್ನು ಅರ್ಧ ನಿಮಿಷ ಏರಿಸಿದರೆ ಅವಸರವೇನೂ ಆಗದು. ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ, ಇಲ್ಲವೆ 75 ನಿಮಿಷ ಓಟ, ದೊಡ್ಡವರಿಗೆ ಇಷ್ಟಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹನಿ ಹನಿ ಕೂಡಿದರೆ ಹಳ್ಳ.

ಎರಡನೆಯದು ಬಿಡುವು. ವಾರಕ್ಕೆ ಮೂರು ದಿನ ಓಡಿ, ನಡುವಿನ ದಿನ ನಡೆಯಿರಿ ಅಥವಾ ಸುಮ್ಮನಿರಿ. ಓಡಿದ ದಿನ ಸವೆದ ಸ್ನಾಯು, ಎಲುಬು ಗಟ್ಟಿಯಾಗುವುದು ಬಿಡುವಿನ ದಿನವೇ. ಬಿತ್ತಿದ ಮರುದಿನವೇ ಯಾರೂ ಕೊಯ್ಯಲು ಹೋಗುವುದಿಲ್ಲ.

ಮೂರನೆಯದು ಜೊತೆ. ಒಬ್ಬರೇ ಇದ್ದರೆ ಚಳಿಗೆ ಹೊದ್ದು ಮಲಗುವ ಮನಸ್ಸಾಗುತ್ತದೆ. ಕಾಲುವೆಯ ಏರಿಯ ಮೇಲೆ ಗೆಳೆಯ ಕಾಯುತ್ತಿದ್ದಾನೆಂದರೆ ಕಾಲು ತಾನೇ ಹೊರಗೆ ಬೀಳುತ್ತದೆ. ಗಂಟೆಯ ಸದ್ದಿಗೆ ಎದ್ದು ನಿಲ್ಲುತ್ತಿದ್ದ ಆ ಓಟಗಾರನ ಹಾಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಓಡಿದ ದಿನಕ್ಕೆ ಒಂದು ಗುರುತು ಹಾಕಿ. ಒಂದು ದಿನ ತಪ್ಪಿದರೆ ಚಿಂತೆಯಿಲ್ಲ, ಮರುದಿನ ತಪ್ಪದಿರಲಿ. ಬಿತ್ತನೆ, ಕೊಯ್ಲಿನ ಸುಗ್ಗಿಯಲ್ಲಿ ಹೊಲದ ದುಡಿಮೆಯೇ ಕಸರತ್ತು. ಆಗ ಓಟ ಬಿಟ್ಟರೆ ತಪ್ಪೇನೂ ಇಲ್ಲ. ಮತ್ತೆ ಶುರು ಮಾಡುವಾಗ ಮಾತ್ರ ಬಿಟ್ಟ ಜಾಗದಿಂದಲ್ಲ, ಅದಕ್ಕಿಂತ ಹಿಂದಿನ ಮಜಲಿನಿಂದ ಹೊರಡಿ.

ವಯಸ್ಸಾಯಿತೆಂದು ಹಿಂಜರಿಯುವವರಿಗೆ ಪಂಜಾಬ ಮೂಲದ ರೈತ ಫೌಜಾ ಸಿಂಗರ ಕಥೆ ಇದೆ. ಮಗನನ್ನು ಕಳೆದುಕೊಂಡ ದುಃಖ ಮರೆಯಲು ಇಳಿವಯಸ್ಸಿನಲ್ಲಿ ಓಡತೊಡಗಿ, 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದಾಗ ಅವರ ವಯಸ್ಸು 89 ಎಂದು ಅವರ ಪಾಸ್‌ಪೋರ್ಟಿನ ಲೆಕ್ಕ. 2025ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ಇನ್ನು ಕಾಲು ನೋವಿನ ಮಾತು. ಊರುಕುಂದಿಗೋ ಮಂತ್ರಾಲಯಕ್ಕೋ ಪಾದಯಾತ್ರೆ ಹೋದವರಿಗೆ ಅಂಗಾಲಿನ ಬೊಬ್ಬೆಯ ಪರಿಚಯವಿದೆ. ಅದನ್ನು ಕಿತ್ತು ಚರ್ಮ ತೆಗೆಯಬಾರದು. ತೊಳೆದು, ಮೆತ್ತಗೆ ಬಟ್ಟೆ ಕಟ್ಟಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಓಡುವುದೇ ಬೇಡ. ಗಾಯವಾದರೂ ಅವರಿಗೆ ನೋವು ತಿಳಿಯದಿರಬಹುದು. ದಿನವೂ ಅಂಗಾಲನ್ನು ನೋಡಿಕೊಳ್ಳಬೇಕು.

ನಾವು ಉಳುಕು ಎನ್ನುವುದನ್ನು ತೆಲುಗಿನವರು ಬೆಣುಕು ಎನ್ನುತ್ತಾರೆ. ನೋವು ಮಾತ್ರ ಒಂದೇ. ಕಾಲು ಉಳುಕಿದೊಡನೆ ಎಳೆಸುವುದು, ಬಲವಾಗಿ ತಿಕ್ಕಿಸುವುದು ಬೇಡ. ಕಾಲೂರಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಎಲುಬನ್ನು ಒತ್ತಿದರೆ ನೋಯುತ್ತಿದ್ದರೆ, ಮೊದಲು ಎಕ್ಸ್‌ರೇ ತೆಗೆಸಿ. ವಿಶ್ರಾಂತಿ, ಮಂಜುಗಡ್ಡೆ, ಬಿಗಿ ಪಟ್ಟಿ, ಕಾಲು ಎತ್ತರದಲ್ಲಿಡುವುದು ಎಂಬ ಚಿಕಿತ್ಸೆಯನ್ನು 1978ರಲ್ಲಿ ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್ ಪ್ರಚಾರಕ್ಕೆ ತಂದರು. 2014ರಲ್ಲಿ ಅವರೇ ಆ ಮಾತನ್ನು ತಿದ್ದಿದರು. ಮಂಜುಗಡ್ಡೆ ನೋವು ಇಳಿಸುತ್ತದೆ, ಆದರೆ ವಾಸಿಯಾಗುವುದನ್ನು ತಡಮಾಡಬಹುದು ಎಂದರು. ಈಗಿನ ಸಲಹೆಯೆಂದರೆ ಮೊದಲ ಒಂದೆರಡು ದಿನ ಕಾಲಿಗೆ ಭಾರ ಕಡಿಮೆ ಮಾಡಿ, ಆಮೇಲೆ ನೋವು ತಾಳುವಷ್ಟು ಮೆಲ್ಲಗೆ ಆಡಿಸುತ್ತ ಬರಬೇಕು.

ನೌಕರಿಗಾಗಿ ಓಡುವ ಹುಡುಗರಿಗೆ ಹೆಚ್ಚಾಗಿ ಬರುವುದು ಮೊಣಕಾಲಿನ ಕೆಳಗೆ, ಮುಂಗಡೆಯ ಉದ್ದ ಎಲುಬಿನ ಒಳಮಗ್ಗುಲಿನ ನೋವು. ಅರ್ಜಿ ಕರೆದ ಮೇಲೆ ಒಂದೇ ತಿಂಗಳಲ್ಲಿ ಎಲ್ಲ ಓಟವನ್ನೂ ಓಡಿ ಮುಗಿಸಬೇಕೆನ್ನುವ ಆತುರದ ಫಲ ಇದು. ಗೇಣುದ್ದ ನೋಯುತ್ತಿದ್ದರೆ ಓಟ ತಗ್ಗಿಸಿ, ಟಾರು ರಸ್ತೆ ಬಿಟ್ಟು ಮಣ್ಣಿನ ನೆಲಕ್ಕೆ ಬನ್ನಿ. ಆದರೆ ಒಂದು ಬೆರಳಿಟ್ಟು ತೋರಿಸುವಂತೆ ಒಂದೇ ಕಡೆ ನೋಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲೂ ಅದು ಕಾಣದಿರಬಹುದು. ಓಟ ನಿಲ್ಲಿಸಿ ಡಾಕ್ಟರ ಬಳಿ ಹೋಗಲೇಬೇಕು. ನೋವಿನ ಮಾತ್ರೆ ನುಂಗಿ ಓಡಿದರೆ ಬಿರುಕು ಮುರಿತವಾದೀತು. ನೌಕರಿ ಇನ್ನೊಂದು ವರ್ಷ ಕರೆಯುತ್ತಾರೆ, ಕಾಲು ಇನ್ನೊಂದು ಸಿಗದು.

ಮೊಣಕಾಲ ಚಿಪ್ಪಿನ ಸುತ್ತ ನೋಯುವುದು ಇನ್ನೊಂದು. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತೇಳುವಾಗ ಅದು ಹೆಚ್ಚು. ದೂರ ಕಡಿಮೆ ಮಾಡಿ, ತೊಡೆ ಮತ್ತು ಸೊಂಟದ ಸ್ನಾಯುಗಳಿಗೆ ಬಲ ಬರುವ ಕಸರತ್ತು ಮಾಡಬೇಕು. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆಗೇ ಅಂಗಾಲು, ಹಿಮ್ಮಡಿ ಚುಚ್ಚಿದರೆ, ಅಂಗಾಲಿನ ಪಟ್ಟಿಗೆ ಪೆಟ್ಟಾಗಿದೆಯೆಂದು ತಿಳಿಯಿರಿ. ಕಾಲ ಬೆರಳುಗಳನ್ನು ಮೇಲಕ್ಕೆಳೆದು ಅಂಗಾಲು ಹಿಗ್ಗಿಸುವುದು, ನೀರಿನ ಸೀಸೆಯ ಮೇಲೆ ಅಂಗಾಲು ಉರುಳಿಸುವುದು ಹಿತ ಕೊಡುತ್ತದೆ. ಹಿಮ್ಮಡಿಯ ಮೇಲಿನ ದಪ್ಪ ನರ ನೋಯುತ್ತಿದ್ದರೆ, ಮೆಟ್ಟಿಲಿನ ಅಂಚಿನಲ್ಲಿ ಕಾಲ್ಬೆರಳ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ಕಸರತ್ತಿದೆ. ಸ್ವೀಡನ್ನಿನ ಡಾಕ್ಟರ್ ಆಲ್ಫ್ರೆಡ್ಸನ್ 1998ರಲ್ಲಿ ಇದನ್ನು 12 ವಾರ ಮಾಡಿಸಿ, ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಹವ್ಯಾಸಿ ಓಟಗಾರರನ್ನು ಮತ್ತೆ ಓಡುವಂತೆ ಮಾಡಿದರು.

"ಓಡಿದರೆ ಮಂಡಿ ಸವೆದು ಹೋಗುತ್ತದೆ" ಎಂದು ಹಿರಿಯರು ಹೆದರಿಸುವುದುಂಟು. 2017ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ, ಸೊಂಟದ ಕೀಲು ಸವೆತ ನೂರಕ್ಕೆ 3.5, ಓಡದೆ ಇರುವವರಲ್ಲಿ 10.2, ದೊಡ್ಡ ಸ್ಪರ್ಧೆಗಳಿಗೆ ಓಡುವವರಲ್ಲಿ 13.3 ಎಂದು ಕಂಡುಬಂತು. ಈ ಅಂಕಿಗಳು ನಮ್ಮ ಮಾತನ್ನೇ ಹೇಳುತ್ತವೆ. ಅಳತೆಯ ಓಟ ಕೆಡುಕಲ್ಲ. ಅತಿಯಾದದ್ದೇ ಕೆಡುಕು.

ಇನ್ನೆರಡು ಎಚ್ಚರಿಕೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುವ ಬೇಸಿಗೆ. ಬಿಸಿಲೇರುವ ಮೊದಲೇ ಓಡಿ ಮುಗಿಸಿ, ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ, ಅಲ್ಲೇ ನಿಂತು ಆಸ್ಪತ್ರೆಗೆ ಹೋಗಿ. ನಲವತ್ತು ದಾಟಿದವರು, ಸಕ್ಕರೆ, ಬಿ.ಪಿ., ಹೃದಯದ ತೊಂದರೆಯಿದ್ದವರು ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಬೂಟಿನ ಬೆಲೆ ಕೇಳಿ ಓಟವನ್ನೇ ಬಿಡುವವರಿದ್ದಾರೆ. ಕಾಲಿಗೆ ಸರಿಹೊಂದುವ, ಬೆರಳು ಒತ್ತದ ಸಾಧಾರಣ ಬೂಟು ಸಾಕು. ಬರಿಗಾಲಲ್ಲಿ ಬೆಳೆದವರು ಬರಿಗಾಲಲ್ಲಿ ಓಡಬಲ್ಲರು. ಬೂಟಿಗೆ ಒಗ್ಗಿದ ಕಾಲನ್ನು ಒಂದೇ ದಿನಕ್ಕೆ ಬರಿಗಾಲು ಮಾಡಿದರೆ, ಅಥವಾ ಬರಿಗಾಲನ್ನು ಒಮ್ಮೆಲೇ ಬೂಟಿಗೆ ಹಾಕಿ ಓಡಿಸಿದರೆ ಕಾಲು ಮುನಿಯುತ್ತದೆ. ಅಲ್ಲಿಯೂ ಮೆಲ್ಲಮೆಲ್ಲನೆ ಹೋಗಬೇಕು.

ಕೇಳುಗರೇ, ಟಪಾಲಿನ ಓಟಗಾರರು ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಾಗದ ಮುಟ್ಟಿಸಿದರು. ಅವರಲ್ಲಿ ಒಬ್ಬನೂ ಇಡೀ ದಾರಿಯನ್ನು ಓಡಲಿಲ್ಲ. ತಾವೂ ಇಂದಿನ ಮಜಲನ್ನಷ್ಟೇ ಓಡಿ. ನಾಳೆಯದನ್ನು ನಾಳೆ ಓಡಿದರಾಯಿತು.